ಅಜ್ಜಿಗೂ ಮೊಮ್ಮಗಳಿಗೂ ಒಂದೇ ಮಾತ್ರೆ

"ಇಂಟ್ಲೋ ಕುಕ್ಕ ಉಂದಾ?"

ಮನೆಯಲ್ಲಿ ನಾಯಿ ಇದೆಯಾ ಅಂತ ಮಕ್ಕಳ ಡಾಕ್ಟರು ತೆಲುಗಿನಲ್ಲಿ ಕೇಳಿದರು. ನನ್ನ ಮಗಳು ಸ್ವಾತಿ ತಕ್ಷಣ "ಇಲ್ಲ" ಅಂದಳು. ಅವಳ ತೊಡೆಯ ಮೇಲೆ, ಐದು ದಿನದ ಜ್ವರಕ್ಕೆ ಬಾಡಿದ ಸೊಪ್ಪಿನಂತೆ ಬಿದ್ದುಕೊಂಡಿದ್ದ ಆರು ವರ್ಷದ ಮೊಮ್ಮಗಳು ಶಾಲು ಮಾತ್ರ ಮೆಲ್ಲಗೆ ಕತ್ತು ತಿರುಗಿಸಿ ನನ್ನ ಮುಖ ನೋಡಿದಳು.

ನಾನು ಗೋಡೆಯ ಮೇಲಿದ್ದ ಲಸಿಕೆಗಳ ಚಾರ್ಟ್ ಓದತೊಡಗಿದೆ.

ಅರವತ್ತೆರಡು ವರ್ಷದ ಹೆಂಗಸು ನಾನು. ದೊಡ್ಡ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್‌ನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವಳು. ಪ್ರತಿ ವಾರ ಪತ್ರಿಕೆಯ ಇದೇ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವಳು. (ನೀವು ಕೇಳುತ್ತೀರೋ ಇಲ್ಲವೋ, ಬೇರೆ ಮಾತು.) ಅಂಥವಳು ಪೋಲಿಯೋ ಹನಿಯ ವೇಳಾಪಟ್ಟಿಯ ಹಿಂದೆ ಮುಖ ಮುಚ್ಚಿಕೊಳ್ಳಬೇಕಾದ ಪ್ರಸಂಗ ಯಾಕೆ ಬಂತು?

ಹೇಳುತ್ತೇನೆ.

ನಾವು ಇರುವುದು ಕುಷಾಯಿಗೂಡದಲ್ಲಿ. ಮಗಳ ಸಂಸಾರ ಮಣಿಕೊಂಡದಲ್ಲಿ. ಒಂದೇ ಹೈದರಾಬಾದು ಅನ್ನುವುದು ಹೆಸರಿಗಷ್ಟೇ. ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಹಾಗಾಗಿ ಬೇಸಿಗೆ ರಜೆ ಬಂತೆಂದರೆ ಶಾಲು ಎರಡು ವಾರ ನಮ್ಮಲ್ಲೇ ಠಿಕಾಣಿ ಹೂಡುತ್ತಾಳೆ. ಈ ಸಲವೂ ಬಂದಳು. ಬಂದವಳ ಕಣ್ಣಿಗೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ವಾಸವಾಗಿದ್ದ ಕಂದು ಬಣ್ಣದ ಬೀದಿನಾಯಿ ಬಿತ್ತು. ಅವತ್ತೇ ಅದಕ್ಕೆ ಬಜ್ಜಿ ಅಂತ ನಾಮಕರಣವಾಯಿತು.

ಸ್ವಾತಿ ಮೊದಲೇ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. "ಅವ್ವ, ಬೀದಿ ನಾಯಿ ಮುಟ್ಟಿಸಬ್ಯಾಡ. ಅನ್ನ ಹಾಕೂದಿದ್ರ ದೂರದಿಂದ ಹಾಕು."

"ಆತವ್ವ," ಅಂದಿದ್ದೆ.

ಮೂರನೆಯ ದಿನ ಶಾಲು ಓಡಿಬಂದು, "ಅಜ್ಜಿ, ಬಜ್ಜಿ ಕಿವಿಯಾಗ ಕಡಲಿ ಬೆಳದಾವ," ಅಂದಳು. ಹೋಗಿ ನೋಡಿದರೆ ಕಡಲೆಯಲ್ಲ, ಉಣ್ಣಿ. ರಕ್ತ ಕುಡಿದು ಉಬ್ಬಿ, ಬೂದುಬಣ್ಣಕ್ಕೆ ತಿರುಗಿ, ಕಿವಿಯ ಒಳಗೆ ಸಾಲಾಗಿ ಕಚ್ಚಿಕೊಂಡಿದ್ದವು. ನಾಯಿ ಪಾಪ, ಕೆರೆದು ಕೆರೆದು ಕಿವಿಯ ಅಂಚು ಹರಿದುಕೊಂಡಿತ್ತು.

ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಎಮ್ಮೆ ಕಟ್ಟಿದ ಮನೆಯಲ್ಲಿ. ಉಣ್ಣಿ ಕೀಳುವುದು ನನಗೆ ಹೊಸದಲ್ಲ. ಮೆಟ್ಟಿಲ ಮೇಲೆ ಕುಳಿತು ಬರಿಗೈಯಲ್ಲಿ ಒಂದೊಂದೇ ಕಿತ್ತೆ. ಶಾಲು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಜ್ಜಿಯ ತಲೆ ಹಿಡಿದುಕೊಂಡಳು. ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಇವಕ್ಕೆ ಕಣ್ಣಿದೆಯಾ? ರಕ್ತ ಬಿಟ್ಟು ಬೇರೇನೂ ತಿನ್ನುವುದಿಲ್ಲವಾ? ಹೊಟ್ಟೆ ತುಂಬಿದ್ದು ಅವಕ್ಕೆ ಹೇಗೆ ಗೊತ್ತಾಗುತ್ತದೆ? ನಾಲ್ಕು ದಿನ ಇದೇ ನಮ್ಮ ಮಧ್ಯಾಹ್ನದ ಕೆಲಸ. ಅವಳೂ ಒಂದಷ್ಟು ಕಿತ್ತಳು. ಕಿತ್ತದ್ದನ್ನು ಕಲ್ಲಿನಿಂದ ಜಜ್ಜುವುದೆಂದರೆ ಅವಳಿಗೆ ವಿಪರೀತ ಖುಷಿ.

"ಅಮ್ಮಾಗ ಹೇಳಬ್ಯಾಡ," ಅಂದೆ.

ಇಲ್ಲ ಅಂತ ತಲೆಯಾಡಿಸಿದಳು. ಕೊಟ್ಟ ಮಾತನ್ನು ಜ್ವರದಲ್ಲೂ ಉಳಿಸಿಕೊಂಡಿದ್ದಳು ನೋಡಿ.

ಶಾಲು ವಾಪಸ್ ಮಣಿಕೊಂಡಕ್ಕೆ ಹೋಗಿ ನಾಲ್ಕೈದು ದಿನವಾಗಿತ್ತು. ಅವಳಿಗೆ ಜ್ವರ ಬಂದಿದೆ ಅಂತ ಸ್ವಾತಿಯ ಫೋನ್ ಬಂತು. ಅಳಿಯ ಆಫೀಸಿನ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ. ನಾನು ಬ್ಯಾಗು ತುಂಬಿಕೊಂಡು ಹೊರಟೆ.

ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಅಂದರು. ಜ್ವರದ ಸಿರಪ್ ಕೊಟ್ಟರು. ಇಳಿಯಿತು, ಮತ್ತೆ ಏರಿತು. ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗ್ಯೂ ಇಲ್ಲ ಅಂತ ಬಂತು. ಟೈಫಾಯಿಡ್ ಇರಬಹುದು ಅಂತ ಒಂದು ಆಂಟಿಬಯೋಟಿಕ್ ಶುರು ಮಾಡಿದರು. ಅದಕ್ಕೂ ಜ್ವರ ಜಗ್ಗಲಿಲ್ಲ. ಯಾವಾಗಲೂ ಪ್ರಶ್ನೆ ಕೇಳುವ ಹುಡುಗಿ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದಳು. ನನಗೆ ಥರ್ಮಾಮೀಟರಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಇದರ ನಡುವೆ ನನಗೂ ಮೈಕೈ ನೋವು, ತಲೆಸಿಡಿತ, ಸಂಜೆಯಾದರೆ ಚಳಿ. ಮಗುವಿಗೆ ಹುಷಾರಿಲ್ಲದಾಗ ಅಜ್ಜಿಯ ಮೈನೋವು ಯಾರಿಗೆ ಬೇಕು? ಒಂದು ಮಾತ್ರೆ ನುಂಗಿ ಸುಮ್ಮನಿದ್ದೆ. (ಹೆಂಗಸರ ಈ ಚಾಳಿಯ ಬಗ್ಗೆ ನಾನೇ ಈ ಅಂಕಣದಲ್ಲಿ ಎಷ್ಟು ಸಲ ಬೈದು ಬರೆದಿಲ್ಲ!)

ಐದನೆಯ ದಿನ ಬೆಳಿಗ್ಗೆ ಮೈ ಒರೆಸುವಾಗ ಸ್ವಾತಿ ನೋಡಿದಳು. ಮಣಿಕಟ್ಟಿನಲ್ಲಿ, ಕಾಲಿನ ಗಿಣ್ಣಿನಲ್ಲಿ ಕೆಂಪು ಚುಕ್ಕಿ. ಅಂಗೈಯಲ್ಲೂ ಇದ್ದವು, ಅಂಗಾಲಿನಲ್ಲೂ ಇದ್ದವು. ಗಡಬಡಿಸಿ ಎತ್ತಿಕೊಂಡು ಬಂದದ್ದು ಈ ಹಿರಿಯ ಮಕ್ಕಳ ಡಾಕ್ಟರ ಹತ್ತಿರ. ಅವರು ಶಾಲುವಿನ ಅಂಗೈ ಬಿಡಿಸಿ ನೋಡಿದರು, ಅಂಗಾಲು ನೋಡಿದರು, ಕಿವಿಯ ಹಿಂದೆ, ಕಂಕುಳಲ್ಲಿ, ಕೂದಲ ಬುಡದಲ್ಲಿ ಏನೋ ಹುಡುಕಿದರು. ಆಮೇಲೆ ಕೇಳಿದ ಪ್ರಶ್ನೆಯೇ ಇದು. ಮನೆಯಲ್ಲಿ ನಾಯಿ ಇದೆಯಾ?

ಚಾರ್ಟ್ ಎಷ್ಟು ಹೊತ್ತು ಓದಲಾದೀತು?

"ನನ್ನ ಮನೆ ಹತ್ತಿರ ಒಂದು ನಾಯಿ ಇದೆ ಡಾಕ್ಟರ್," ಅಂದೆ. "ಉಣ್ಣಿ ಆಗಿದ್ದವು. ನಾವಿಬ್ಬರೂ ಕೂಡಿ ಕಿತ್ತಿದ್ದೇವೆ."

ಸ್ವಾತಿ ನನ್ನ ಕಡೆ ತಿರುಗಲಿಲ್ಲ. ಅದೇ ದೊಡ್ಡ ಬೈಗುಳ.

ಡಾಕ್ಟರು ಮಾತ್ರ ಹಗುರಾದವರ ಹಾಗೆ ಕುರ್ಚಿಗೆ ಒರಗಿದರು. "ನಿಮಗೇನಾದರೂ ಜ್ವರ?" ಅಂತ ನನ್ನನ್ನೇ ಕೇಳಿದರು. ಮುಟ್ಟಿ ನೋಡಲಿ ಅಂತ ಕೈ ಮುಂದೆ ಚಾಚಿದೆ. ಬೆಳಕಿನಲ್ಲಿ ನೋಡಿದಾಗ ನನಗೂ ಗೊತ್ತಾಯಿತು. ಅಂಗೈಯಲ್ಲಿ ಮಸುಕಾಗಿ ನಾಲ್ಕಾರು ಚುಕ್ಕಿ.

ಅವರು ವಿವರಿಸಿದ್ದು ಇಷ್ಟು. ರಿಕೆಟ್ಸಿಯಾ ಅನ್ನುವ ಬ್ಯಾಕ್ಟೀರಿಯಾ ಇದೆ. ಉಣ್ಣಿಯ ಹೊಟ್ಟೆಯಲ್ಲಿರುತ್ತದೆ. ಉಣ್ಣಿ ಕಚ್ಚಿದಾಗ, ಅಥವಾ ಜಜ್ಜಿದ ಕೈಯಿಂದ ಗಾಯ, ಕಣ್ಣು ಮುಟ್ಟಿಕೊಂಡಾಗ ನಮ್ಮೊಳಗೆ ಸೇರುತ್ತದೆ. ಕಚ್ಚಿದ ಜಾಗದಲ್ಲಿ ಕೆಲವರಿಗೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಕೆಲವರಿಗೆ ಏನೂ ಇರುವುದಿಲ್ಲ. ಅವರು ಹುಡುಕಿದ್ದು ಅದನ್ನೇ. "ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಹೋಗಿ ಕೂರುತ್ತದೆ. ನೀವು ಈಗ ಕೊಡುತ್ತಿರುವ ಔಷಧಿ ಅದರ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಜ್ವರ ಬಿಟ್ಟಿಲ್ಲ," ಅಂದರು.

"ಟೆಸ್ಟ್?" ಸ್ವಾತಿ ಕೇಳಿದಳು.

"ರಕ್ತ ತೆಗೆದು ಕಳಿಸೋಣ. ಆದರೆ ರಿಪೋರ್ಟಿಗೆ ಕಾಯಬಾರದು. ಔಷಧಿ ಇವತ್ತೇ ಶುರುವಾಗಬೇಕು. ತಡವಾದರೆ ಇದು ಶ್ವಾಸಕೋಶಕ್ಕೆ ಹೋಗಬಹುದು, ಮಿದುಳಿಗೆ ಹೋಗಬಹುದು." ಹೀಗೆ ಹೇಳುತ್ತಲೇ ಚೀಟಿ ಬರೆದು ಮುಂದಿಟ್ಟರು.

ಸ್ವಾತಿ ಓದಿದಳು. ಓದಿ, ಚೀಟಿಯನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ಡಾಕ್ಸಿಸೈಕ್ಲಿನ್? ಸರ್, ಇವಳಿಗೆ ಆರು ವರ್ಷ."

ಇಲ್ಲಿ ನಿಮಗೆ ಎರಡು ಸಂಗತಿ ಹೇಳಬೇಕು. ಒಂದು, ಸ್ವಾತಿ ಹಲ್ಲಿನ ಡಾಕ್ಟರು. ಶಾಲುವಿನ ಕೆಳಗಿನ ಎರಡು ಹಾಲುಹಲ್ಲು ಬಿದ್ದು ಹೊಸವು ಬರುತ್ತಿವೆ. ದಿನಾ ಬೆಳಿಗ್ಗೆ ಅವನ್ನು ಟಾರ್ಚ್ ಬಿಟ್ಟು ನೋಡುವ ತಾಯಿ. ಎರಡು, ನನ್ನ ಹಲ್ಲು.

ನಾನು ಚಿಕ್ಕವಳಿದ್ದಾಗ ವರ್ಷದಲ್ಲಿ ಆರು ತಿಂಗಳು ಕೆಮ್ಮು. ನಮ್ಮ ಓಣಿಯ ಡಾಕ್ಟರು ಬಹಳ ಒಳ್ಳೆಯವರು. ಪ್ರತಿ ಸಲವೂ ಒಂದು ಹಳದಿ ಸಿರಪ್ ಕೊಡುತ್ತಿದ್ದರು. ಸಿಹಿಯಾಗಿತ್ತು, ನಾನು ಚಮಚ ನೆಕ್ಕುತ್ತಿದ್ದೆ. ಅದು ಟೆಟ್ರಾಸೈಕ್ಲಿನ್ ಅಂತ ಆಮೇಲೆ ತಿಳಿಯಿತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಹಲ್ಲು ಒಳಗೊಳಗೇ ಬೆಳೆಯುವ ವಯಸ್ಸಿನಲ್ಲಿ ಆ ಔಷಧಿ ಹೋಗಿ ಹಲ್ಲಿನ ಸುಣ್ಣದ ಜೊತೆ, ಅಂದರೆ ಕ್ಯಾಲ್ಸಿಯಂ ಜೊತೆ, ಕೂಡಿಕೊಂಡಿತ್ತು. ಬೂದಿ, ಇದ್ದಿಲು, ಉಪ್ಪು, ನಿಂಬೆ ಎಲ್ಲವನ್ನೂ ಹಾಕಿ ತಿಕ್ಕಿದೆ. ಒಳಗಿನಿಂದ ಬಂದ ಬಣ್ಣ ಮೇಲಿಂದ ತಿಕ್ಕಿದರೆ ಹೋದೀತೇ? ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ಒಂದು ಫೋಟೋದಲ್ಲೂ ಬಾಯಿ ತೆರೆದಿಲ್ಲ. ಭಾರೀ ಗಂಭೀರ ಸೊಸೆ ಅಂತ ಅತ್ತೆ ಮನೆಯಲ್ಲಿ ಹೆಸರು ಬಂದದ್ದೇ ಲಾಭ.

ಸ್ವಾತಿ ಹಲ್ಲಿನ ಡಾಕ್ಟರಾಗಿದ್ದು ನನ್ನಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ವರ್ಷದ ರಜೆಗೆ ಬಂದವಳು ನನ್ನ ಬಾಯಿಗೆ ಬೆಳಕು ಬಿಟ್ಟು, "ಅವ್ವ, ನಮ್ಮ ಪುಸ್ತಕದಾಗಿನ ಚಿತ್ರ ನಿನ್ನ ಹಲ್ಲಿನಂಗ ಐತಿ," ಅಂದಿದ್ದಳು. ಆ ಪುಸ್ತಕದಲ್ಲೇ ಇತ್ತಂತೆ: ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಜಾತಿಯ ಔಷಧಿ ಕೊಡಬಾರದು. ಡಾಕ್ಸಿಸೈಕ್ಲಿನ್ ಕೂಡ ಅದೇ ಮನೆತನದ್ದು.

ಡಾಕ್ಟರಿಗೆ ಈ ಪ್ರಶ್ನೆ ಹೊಸದಿರಲಿಲ್ಲ ಅಂತ ಕಾಣುತ್ತದೆ. ತಾಳ್ಮೆಯಿಂದಲೇ ಹೇಳಿದರು. ಆ ಕಾಲದ ಟೆಟ್ರಾಸೈಕ್ಲಿನ್ ಬೇರೆ. ಅದನ್ನು ವರ್ಷಗಟ್ಟಲೆ, ಮತ್ತೆ ಮತ್ತೆ ಕೊಡುತ್ತಿದ್ದರು. ಇದು ಸುಣ್ಣದ ಜೊತೆ ಅಷ್ಟಾಗಿ ಬೆರೆಯುವುದಿಲ್ಲ. ಕೊಡುವುದೂ ಒಂದೇ ವಾರ. ಹೀಗೆ ಸ್ವಲ್ಪ ದಿನ ತೆಗೆದುಕೊಂಡ ಮಕ್ಕಳ ಹಲ್ಲುಗಳನ್ನು ಆಮೇಲೆ ಪರೀಕ್ಷಿಸಿ ನೋಡಿದ್ದಾರೆ, ಕಲೆ ಕಂಡಿಲ್ಲ. ಅದಕ್ಕೇ ಈಗ ಈ ಜ್ವರಕ್ಕೆ ಯಾವ ವಯಸ್ಸಾದರೂ ಮೊದಲ ಔಷಧಿ ಇದೇ.

"ಬೇರೆ ಇಲ್ಲವೇ ಇಲ್ಲವಾ?"

"ಇವೆ. ಆದರೆ ಮೈಮೇಲೆ ಇಷ್ಟು ಚುಕ್ಕಿ ಎದ್ದಿರುವ ಮಗುವಿಗೆ ಇದರಷ್ಟು ಭರವಸೆಯಿಂದ ಇನ್ನೊಂದನ್ನು ನಾನು ಕೊಡಲಾರೆ. ನನ್ನ ಸ್ವಂತ ಮೊಮ್ಮಗಳಾಗಿದ್ದರೂ ಇದನ್ನೇ ಕೊಡುತ್ತಿದ್ದೆ."

ಹತ್ತು ನಿಮಿಷ ಕೊಡಿ ಅಂತ ಕೇಳಿ ಸ್ವಾತಿ ಹೊರಗೆ ಹೋದಳು. ಶಾಲುವನ್ನು ನರ್ಸಮ್ಮನ ಹತ್ತಿರ ಮಲಗಿಸಿ ನಾನೂ ಹಿಂದೆ ಹೋದೆ. ಅವಳು ಕಾರಿಡಾರಿನ ಗೋಡೆಗೆ ಒರಗಿ ಫೋನಿನಲ್ಲಿ ಏನೋ ಓದುತ್ತಿದ್ದಳು.

"ಐದ ದಿನ ಆತು, ಅವ್ವ," ಅಂದಳು, ಫೋನಿನಿಂದ ಕಣ್ಣೆತ್ತದೆ. "ಡೆಂಗ್ಯೂ ಅಂದ್ರು, ಟೈಫಾಯಿಡ್ ಅಂದ್ರು. ನೀ ಎಲ್ಲಾ ಕಡೆ ನನ್ನ ಮಗ್ಗಲದಾಗ ಕುಂತಿದ್ದಿ. ಒಮ್ಮೆರ ಹೇಳಬಾರದಿತ್ತೇನು?"

"ನಾಯಿಗೂ ಜ್ವರಕ್ಕೂ ಸಂಬಂಧ ಐತಿ ಅಂತ ನನಗೆಲ್ಲಿ ಗೊತ್ತಿತ್ತು?"

"ಗೊತ್ತಿರಲಿಲ್ಲ, ಖರೆ. ಆದ್ರ ನೀ ಸುಮ್ಮನಿದ್ದದ್ದು ಅದಕ್ಕಲ್ಲ. ನಾ ಬೈತೀನಿ ಅಂತ ಸುಮ್ಮನಿದ್ದಿ."

ಅವಳ ಮಾತು ನಿಜ. ಒಪ್ಪಿಕೊಂಡೆ: "ತಪ್ಪಾತು. ಅದನ್ನ ಆಮ್ಯಾಲ ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ಈಗ ಏನ್ ಮಾಡ್ತಿ ಹೇಳು."

ಸ್ವಾತಿಯ ಕಣ್ಣಲ್ಲಿ ನೀರಿತ್ತು. "ನಾಳೆ ಆಕಿ ಹಲ್ಲು ನಿನ್ನ ಹಲ್ಲಿನಂಗ ಆದ್ರ, ನಾನ ಕೈಯಾರ ಕೊಟ್ಟಂಗ ಆತಲ್ಲ."

"ನನ್ನ ಹಲ್ಲು ನೋಡಿಕೋತ ಬೆಳದಾಕಿ ನೀ. ನಿನ್ನ ಹೆದರಿಕಿ ನನಗ ತಿಳೀತೈತಿ," ಅಂದೆ. "ಆದ್ರ ನನ್ನ ಹಲ್ಲಿನಿಂದ ನಾ ಸತ್ತಿಲ್ಲ, ಸ್ವಾತಿ. ಇಷ್ಟು ವರ್ಷ ಇದೇ ಹಲ್ಲಿಲೆ ಜ್ವಾಳದ ರೊಟ್ಟಿ ತಿಂದೀನಿ."

ಅವಳು ನಗಲಿಲ್ಲ. ಫೋನನ್ನು ಪರ್ಸಿಗೆ ಹಾಕಿದಳು. "ಇದರಾಗೂ ಡಾಕ್ಟರು ಹೇಳಿದ್ದ ಬರದೈತಿ. ನಾ ಕಾಲೇಜಿನಾಗ ಓದಿದ್ದು ಹಳೇದಾಗೈತಿ," ಅಂದು ಒಳಗೆ ಹೋದಳು.

ಓದಿದ್ದು ಹಳೆಯದಾಗಿದೆ ಅಂತ ಒಪ್ಪಿಕೊಳ್ಳುವುದು ಓದಿದವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಂದಾಗ, ಕೈಯಲ್ಲಿ ಗೆರೆ ಎಳೆಯುತ್ತಿದ್ದ ನಾವೆಲ್ಲ ಒಂದು ವರ್ಷ ಮುನಿಸಿಕೊಂಡು ಕೂತಿದ್ದೆವು. ಇವಳು ಹತ್ತು ನಿಮಿಷದಲ್ಲಿ ಒಪ್ಪಿದಳು.

ಡಾಕ್ಟರು ನನ್ನನ್ನು ಅದೇ ಕಟ್ಟಡದ ಮೇಲಿನ ಮಹಡಿಯ ದೊಡ್ಡವರ ಡಾಕ್ಟರ ಹತ್ತಿರ ಕಳಿಸಿದರು. ಅವರೂ ಪರೀಕ್ಷೆ ಮಾಡಿ ಅದೇ ಔಷಧಿ ಬರೆದರು. ಶಾಲುಗೆ ತೂಕ ನೋಡಿ ಲೆಕ್ಕ ಹಾಕಿದ್ದು, ನನಗೆ ದೊಡ್ಡವರ ಪ್ರಮಾಣದ್ದು. ಇನ್ನು ಮೆಡಿಕಲ್ ಶಾಪಿನವರು ಚೀಟಿಯನ್ನು ಎರಡು ಸಲ ಓದಿ, "ಮೇಡಂ, ಚಿನ್ನ ಪಿಲ್ಲಲಕಿ ಇದಿ ಇವ್ವರು ಕದಾ?" ಅಂದರು. ಚಿಕ್ಕ ಮಕ್ಕಳಿಗೆ ಇದನ್ನು ಕೊಡುವುದಿಲ್ಲವಲ್ಲ ಅಂತ. ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ ಖಾತ್ರಿ ಮಾಡಿಕೊಂಡೇ ಕೊಟ್ಟರು. ನನಗೆ ಸಿಟ್ಟು ಬರಲಿಲ್ಲ. ಕೇಳದೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ.

ಔಷಧಿಗೆ ಅದರದೇ ಶಿಸ್ತು. ಒಂದು ಲೋಟ ತುಂಬ ನೀರು ಕುಡಿಯಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಗಂಟಲಿನಲ್ಲಿ ಉಳಿದರೆ ಸುಡುತ್ತದೆ. ಹಾಲಿನ ಜೊತೆ ಬೇಡ. ಬಿಸಿಲಿಗೆ ಮೈಯೊಡ್ಡಬೇಡಿ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ. ವಾಂತಿಯಾದರೆ, ಮಗು ಮಂಪರಾದರೆ ತಕ್ಷಣ ವಾಪಸ್ ಬನ್ನಿ.

ಹಾಗಾಗಿ ದಿನಕ್ಕೆರಡು ಸಲ ಅಜ್ಜಿ, ಮೊಮ್ಮಗಳು ಸೋಫಾದ ಮೇಲೆ ಪಕ್ಕಪಕ್ಕ ನೆಟ್ಟಗೆ ಕುಳಿತಿರುತ್ತಿದ್ದೆವು. ಮೊದಲ ದಿನ ಶಾಲು ನನ್ನ ತೋಳಿಗೆ ತಲೆಯಾನಿಸಿ ಸುಮ್ಮನೆ ಕುಳಿತಳು. ಅವಳ ಮೈಯ ಬಿಸಿ ನನ್ನ ಸೀರೆ ದಾಟಿ ಬರುತ್ತಿತ್ತು. ಸ್ವಾತಿ ಎದುರು ಕುರ್ಚಿಯಲ್ಲಿ ಥರ್ಮಾಮೀಟರ್ ಹಿಡಿದು ಇಬ್ಬರನ್ನೂ ಕಾಯುತ್ತಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು.

ಎರಡನೆಯ ದಿನ ಸಂಜೆ ಶಾಲುವಿನ ಹಣೆ ಬೆವರಿತು. ಜ್ವರ ಇಳಿಯಿತು. ಮತ್ತೆ ಏರುತ್ತದೆ ಅಂತ ಕಾದೆವು. ಏರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮಾತ್ರೆ ನುಂಗಿ ನೆಟ್ಟಗೆ ಕುಳಿತವಳು ತಾನಾಗಿಯೇ ಕೇಳಿದಳು: "ಅಜ್ಜಿ, ಔಷಧಿಗೆ ನಮ್ಮ ಹೊಟ್ಯಾಗ ದಾರಿ ಹೆಂಗ ಗೊತ್ತಾಗತೈತಿ?"

ಅಡುಗೆಮನೆಯಲ್ಲಿದ್ದ ಸ್ವಾತಿ ಆ ಪ್ರಶ್ನೆ ಕೇಳಿ ಹೊರಗೆ ಬಂದಳು. ಮಗಳ ಮುಖ ನೋಡಿದಳು. ಬಂದು ನನ್ನ ಇನ್ನೊಂದು ಪಕ್ಕ ಕುಳಿತು, ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ನಾನೂ ಅತ್ತೆ. ಶಾಲು ಇಬ್ಬರನ್ನೂ ಸರದಿಯ ಮೇಲೆ ನೋಡಿದಳು.

ತಮಾಷೆ ಏನೆಂದರೆ, ರಕ್ತದ ರಿಪೋರ್ಟ್ ಬಂದದ್ದು ಆಮೇಲೆ. ಉಣ್ಣಿ ಜ್ವರ ಹೌದು ಅಂತ ಕಾಗದ ಹೇಳುವಷ್ಟರಲ್ಲಿ ಶಾಲು ಸೋಫಾದ ಮೇಲೆ ಕುಣಿಯಲು ಶುರು ಮಾಡಿದ್ದಳು. ಕಾಗದಕ್ಕೆ ಕಾದಿದ್ದರೆ ಏನಾಗುತ್ತಿತ್ತು? ಯೋಚನೆ ಮಾಡುವುದಕ್ಕೂ ನನಗೆ ಮನಸ್ಸಿಲ್ಲ.

ಬಜ್ಜಿಯನ್ನು ನಮ್ಮ ಮನೆಯವರು ಪಶುವೈದ್ಯರಿಗೆ ತೋರಿಸಿ, ಬೆನ್ನಿಗೆ ಉಣ್ಣಿಯ ಔಷಧಿ ಹಾಕಿಸಿದರು. ಮೆಟ್ಟಿಲ ಸಂದುಗಳನ್ನೂ ಸ್ವಚ್ಛ ಮಾಡಿಸಿದರು. ಉಣ್ಣಿ ಇರುವುದು ನಾಯಿಯ ಮೈಮೇಲೆ ಮಾತ್ರವಲ್ಲವಂತೆ, ಗೋಡೆಯ ಬಿರುಕಿನಲ್ಲೂ ಅಡಗಿರುತ್ತದಂತೆ. ಇನ್ನು ಮುಂದೆ ಕೀಳಲೇಬೇಕೆಂದರೆ ಕೈಗವಸು ಹಾಕಿ, ಚಿಮಟದಲ್ಲಿ ಬುಡಕ್ಕೆ ಹಿಡಿದು ನೆಟ್ಟಗೆ ಎಳೆಯಬೇಕು, ಜಜ್ಜಬಾರದು. ಐವತ್ತು ವರ್ಷ ಬರಿಗೈಯಲ್ಲಿ ಕಿತ್ತವಳು ಈಗ ಕಲಿಯುತ್ತಿದ್ದೇನೆ.

ಔಷಧಿ ಮುಗಿದ ಮೇಲೆ ತೋರಿಸಲು ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಶಾಲುವಿನ ಅಂಗೈ ನೋಡಿದರು, ಚುಕ್ಕಿಗಳೆಲ್ಲ ಮಾಸಿದ್ದವು. "ಏನಾದರೂ ಕೇಳುವುದಿದೆಯಾ?" ಅಂತ ಅವಳನ್ನೇ ಕೇಳಿದರು. ಕೇಳಬಾರದಿತ್ತು.

"ನನಗ ಉಣ್ಣಿಯಿಂದ ಜ್ವರ ಬಂತು. ಉಣ್ಣಿಗೆ ಯಾರು ಕೊಟ್ರು?" ಅಂದಳು ಶಾಲು. ನಾನು ತೆಲುಗಿನಲ್ಲಿ ದಾಟಿಸಿದೆ.

ಡಾಕ್ಟರು ಕನ್ನಡಕ ತೆಗೆದಿಟ್ಟರು. ಒಳ್ಳೆಯ ಪ್ರಶ್ನೆ ಅಂದರು. ಕೆಲವು ಸಲ ಅದಕ್ಕೆ ಪ್ರಾಣಿಗಳ ರಕ್ತದಿಂದ ಬರುತ್ತದೆ. ಎಷ್ಟೋ ಸಲ ಅದರ ಅಮ್ಮನಿಂದಲೇ, ಮೊಟ್ಟೆಯಲ್ಲಿರುವಾಗಲೇ ಬಂದಿರುತ್ತದೆ. ಹುಟ್ಟುವಾಗಲೇ ಹೊತ್ತುಕೊಂಡು ಹುಟ್ಟುತ್ತದೆ ಅಂತ ವಿವರಿಸಿದರು.

ಕ್ಯಾಬ್ ಹತ್ತಿ ಸೀಟ್ ಬೆಲ್ಟ್ ಹಾಕಿದ ಮೇಲೆ ಶಾಲು ನನ್ನ ಸೆರಗು ಜಗ್ಗಿ ಕೇಳಿದಳು:

"ಹಂಗಿದ್ರ ಇದರಾಗ ಉಣ್ಣಿದೇನು ತಪ್ಪೈತಿ, ಅಜ್ಜಿ?"